ಬುಗುರಿಯಿಂದ ರೋಬೋಟಿನವರೆಗೆ: ತಿರುಗುವ ಚಕ್ರದ ಕಥೆ

ರೋಬೋಟ್ ಸ್ಪರ್ಧೆಗಳ ವೀಡಿಯೊಗಳನ್ನು ನಮ್ಮ ಮಕ್ಕಳು ಈಗ ಧಾರಾಳವಾಗಿ ನೋಡುತ್ತಾರೆ. ಒಂದೇ ಗಾಲಿಯ ಮೇಲೆ ನಿಂತ ಗೊಂಬೆ, ತನ್ನ ಒಂದು ಮೂಲೆಯ ಮೇಲೆ ನೆಟ್ಟಗೆ ನಿಲ್ಲುವ ಪೆಟ್ಟಿಗೆ, ಸೈಕಲ್ಲನ್ನು ನಿಲ್ಲಿಸಿದರೂ ಕಾಲೂರದೆ ಕುಳಿತಿರುವ ಯಂತ್ರಮಾನವ... ನೋಡಿದ ಕೂಡಲೇ ಬರುವ ಪ್ರಶ್ನೆ ಒಂದೇ. "ಸರ್, ಇದು ಯಾಕೆ ಬೀಳುವುದಿಲ್ಲ?" ಒಳಗೆ ಒಂದು ಚಕ್ರ ಜೋರಾಗಿ ತಿರುಗುತ್ತಿದೆ ಎಂದು ಹೇಳಿದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ. "ಹಾಗಾದರೆ ನಮ್ಮ ರೋಬೋಟಿಗೂ ಒಂದು ಭಾರದ ಚಕ್ರ ಕಟ್ಟಿ ತಿರುಗಿಸಿದರೆ ಸಾಕಲ್ಲ?"

ಸಾಲದು. ಯಾಕೆ ಸಾಲದು ಎಂಬುದನ್ನು ಕಂಡುಕೊಳ್ಳಲು ದೊಡ್ಡ ದೊಡ್ಡ ಎಂಜಿನಿಯರುಗಳಿಗೆ ಹಲವು ದಶಕಗಳೇ ಬೇಕಾದವು. ಅವರು ಹಡಗನ್ನು ನಿಲ್ಲಿಸಲು ಹೋದರು, ರೈಲನ್ನು ನಿಲ್ಲಿಸಲು ಹೋದರು, ವಿಮಾನವನ್ನು, ಕೊನೆಗೆ ಉಪಗ್ರಹವನ್ನು. ಆ ಕಥೆ ಗೊತ್ತಿದ್ದರೆ ಶಾಸ್ತ್ರಮೇಳಕ್ಕೆ ರೋಬೋಟ್ ಕಟ್ಟುವ ಮಕ್ಕಳಿಗೆ ಎಷ್ಟೋ ದಿನಗಳ ಶ್ರಮ ಉಳಿಯುತ್ತದೆ. ಕೇರಳದ ಹೈಸ್ಕೂಲುಗಳಲ್ಲಿ 2018ರಲ್ಲಿ ಲಿಟಲ್ ಕೈಟ್ಸ್ ಘಟಕಗಳು ಆರಂಭವಾದ ಮೇಲೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಮೋಟಾರು, ಸೆನ್ಸರು, ಆರ್ಡುಯಿನೊ ಬಂದಿವೆ. ಆದರೆ ಇವುಗಳ ಹಿಂದಿನ ಚರಿತ್ರೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಅದಕ್ಕಾಗಿ ಈ ಬರಹ.

ಮೊದಲು ಬುಗುರಿ

ಚಾಟಿ ಸುತ್ತಿ ಬಿಟ್ಟ ಬುಗುರಿ ಮೊಳೆಯ ತುದಿಯ ಮೇಲೆ ನಿಲ್ಲುತ್ತದೆ. ತಿರುಗದೆ ಇರುವ ಬುಗುರಿಯನ್ನು ಹಾಗೆ ನಿಲ್ಲಿಸಲು ಯಾರಿಂದಲೂ ಆಗದು. ಇದು ಎಲ್ಲರಿಗೂ ಗೊತ್ತು. ಆದರೆ ಬುಗುರಿಯನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡಿ. ವೇಗ ಕಡಿಮೆಯಾಗುತ್ತಾ ಬಂದಾಗ ಅದು ಓರೆಯಾಗುತ್ತದೆ. ಓರೆಯಾದ ಕೂಡಲೇ ಬೀಳುವುದಿಲ್ಲ. ಬೀಳುವ ಬದಲು ಅದರ ತಲೆ ನಿಧಾನವಾಗಿ ವೃತ್ತಾಕಾರದಲ್ಲಿ ಸುತ್ತತೊಡಗುತ್ತದೆ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ, ಅದು ಮಾತ್ರ ಅಡ್ಡಕ್ಕೆ ಸರಿಯುತ್ತಿದೆ!

ಈ ಅಡ್ಡ ಸರಿಯುವಿಕೆಗೆ ಪುಸ್ತಕದ ಹೆಸರು ಪುರಸ್ಸರಣ. ನಮ್ಮ ಭೂಮಿಯೂ ಒಂದು ಬುಗುರಿಯೇ. ಅದರ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಹೀಗೆ ಒಂದು ಸುತ್ತು ಬರುತ್ತದೆ. ಪಂಚಾಂಗದಲ್ಲಿ ಅಯನಾಂಶ ಎಂದು ಲೆಕ್ಕ ಹಾಕುವುದು ಇದನ್ನೇ. ತಿರುಗುವ ಚಕ್ರದ ಅಕ್ಷವನ್ನು ಒಂದು ಕಡೆಗೆ ತಳ್ಳಿದರೆ ಅದು ಆ ಕಡೆಗೆ ಹೋಗದೆ, ಅದಕ್ಕೆ ಲಂಬವಾದ ಕಡೆಗೆ ಸರಿಯುತ್ತದೆ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನೊಂದು ವಿಷಯ. ಈ ಕಥೆಯಲ್ಲಿ ಚಕ್ರಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ದಿಕ್ಕನ್ನು ಅಥವಾ ಓರೆಯನ್ನು ತಿಳಿಸುವ ಕೆಲಸ. ಇನ್ನೊಂದು, ಓರೆಯಾದ ವಸ್ತುವನ್ನು ಬಲ ಹಾಕಿ ನೆಟ್ಟಗೆ ಮಾಡುವ ಕೆಲಸ. ಮೊದಲನೆಯದನ್ನು ತಿಳಿಯುವ ಚಕ್ರ ಎಂದೂ ಎರಡನೆಯದನ್ನು ದುಡಿಯುವ ಚಕ್ರ ಎಂದೂ ಕರೆಯೋಣ. ಇವೆರಡನ್ನೂ ಒಂದೇ ಎಂದು ತಿಳಿದಲ್ಲಿ ಗೊಂದಲವಾಗುತ್ತದೆ. ಎರಡನ್ನೂ ಬೇರೆ ಮಾಡಿ ಮತ್ತೆ ಜೊತೆಗೂಡಿಸಿದಾಗ ಕೆಲಸ ಕೈಗೂಡಿದೆ.

ತಿಳಿಯುವ ಚಕ್ರ

ಸಮುದ್ರದ ಮೇಲೆ ಮಂಜು ಮುಸುಕಿದರೆ ದಿಗಂತ ಕಾಣುವುದಿಲ್ಲ. ದಿಗಂತ ಕಾಣದಿದ್ದರೆ ಸೂರ್ಯನ, ನಕ್ಷತ್ರದ ಎತ್ತರ ಅಳೆಯಲಾಗದು. ಹಡಗು ಎಲ್ಲಿದೆ ಎಂದು ಗೊತ್ತಾಗದು. ಇಂಗ್ಲೆಂಡಿನ ಜಾನ್ ಸೆರ್ಸನ್ ಎಂಬ ನಾವಿಕ ಇದಕ್ಕೊಂದು ಉಪಾಯ ಹೂಡಿದ. ಬುಗುರಿಯ ತಲೆಯ ಮೇಲೆ ಒಂದು ಕನ್ನಡಿ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ಹಡಗು ಎಷ್ಟು ಓಲಾಡಿದರೂ ಕನ್ನಡಿ ಮಟ್ಟವಾಗಿಯೇ ಇರುತ್ತದೆ, ಅದೇ ಕೃತಕ ದಿಗಂತ. ಪಾಪ, 1744ರಲ್ಲಿ ವಿಕ್ಟರಿ ಎಂಬ ಯುದ್ಧನೌಕೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿದಾಗ ಸೆರ್ಸನ್ನನೂ ಅದರಲ್ಲಿದ್ದ.

ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಬೋನೆನ್‌ಬರ್ಗರ್ 1817ರಲ್ಲಿ ಒಂದು ಯಂತ್ರದ ವಿವರ ಪ್ರಕಟಿಸಿದ. ಒಂದರೊಳಗೊಂದು ಕೂರಿಸಿದ ಬಳೆಗಳು, ನಡುವೆ ತಿರುಗುವ ಒಂದು ಗೋಲ. ಹೊರಗಿನ ಬಳೆಯನ್ನು ಹೇಗೆ ತಿರುಗಿಸಿದರೂ ಒಳಗಿನ ಗೋಲದ ಅಕ್ಷ ತನ್ನ ದಿಕ್ಕು ಬಿಡುವುದಿಲ್ಲ. ಇದನ್ನು ಅವನು ಕಟ್ಟಿದ್ದು ಭೂಮಿಯ ಚಲನೆಯನ್ನು ವಿದ್ಯಾರ್ಥಿಗಳಿಗೆ ತೋರಿಸುವುದಕ್ಕೆ. ಅಂದರೆ ಇದೊಂದು ಪಾಠೋಪಕರಣ. ನಾವು ಶಿಕ್ಷಕರು ಸ್ವಲ್ಪ ಹೆಮ್ಮೆಪಟ್ಟುಕೊಳ್ಳಬಹುದು!

ಇದಕ್ಕೆ ಹೆಸರು ಬಂದದ್ದು ಪ್ಯಾರಿಸ್ಸಿನಲ್ಲಿ. 1851ರಲ್ಲಿ ಉದ್ದನೆಯ ಲೋಲಕ ತೂಗಿಬಿಟ್ಟು ಭೂಮಿ ತಿರುಗುವುದನ್ನು ತೋರಿಸಿದ ಲಿಯೋನ್ ಫೂಕೊ, 1852ರಲ್ಲಿ ಅದೇ ವಿಷಯವನ್ನು ತಿರುಗುವ ಚಕ್ರದಿಂದ ತೋರಿಸಿದ. ಚಕ್ರ ತನ್ನ ದಿಕ್ಕನ್ನು ಕಾದುಕೊಳ್ಳುತ್ತದೆ, ಕೆಳಗಿನ ಭೂಮಿ ತಿರುಗುತ್ತದೆ. ಆ ವ್ಯತ್ಯಾಸ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಗ್ರೀಕ್ ಭಾಷೆಯಲ್ಲಿ ಗೈರೋಸ್ ಎಂದರೆ ಸುತ್ತು, ಸ್ಕೋಪೈನ್ ಎಂದರೆ ನೋಡು. ಸುತ್ತುವುದನ್ನು ನೋಡುವ ಸಾಧನ ಗೈರೊಸ್ಕೋಪ್. ಆದರೆ ಫೂಕೊನ ಚಕ್ರವನ್ನು ಕೈಯಿಂದ ತಿರುಗಿಸಿ ಬಿಡಬೇಕಿತ್ತು. ಕೆಲವೇ ನಿಮಿಷಗಳಲ್ಲಿ ವೇಗ ಕುಂದುತ್ತಿತ್ತು. ಭೂಮಿ 8 ನಿಮಿಷಕ್ಕೆ ತಿರುಗುವುದೇ 2 ಡಿಗ್ರಿ. ಸೂಕ್ಷ್ಮದರ್ಶಕ ಬೇಕಾದದ್ದು ಅದಕ್ಕೇ. ವಿದ್ಯುತ್ ಮೋಟಾರಿನಿಂದ ಚಕ್ರವನ್ನು ಎಡೆಬಿಡದೆ ತಿರುಗಿಸುವ ದಿನ ಬಂದ ಮೇಲೆ ಜರ್ಮನಿಯಲ್ಲಿ ಆನ್‌ಶುಟ್ಸ್, ಅಮೆರಿಕದಲ್ಲಿ ಸ್ಪೆರಿ ಇವರು ಹಡಗಿನ ಗೈರೊ ದಿಕ್ಸೂಚಿಗಳನ್ನು ಮಾಡಿದರು.

ತಿಳಿಯುವ ಚಕ್ರ ಮೊದಲು ಗಂಭೀರವಾದ ಉದ್ಯೋಗಕ್ಕೆ ಸೇರಿದ್ದು ಯುದ್ಧದಲ್ಲಿ ಎಂಬುದು ಬೇಸರದ ವಿಷಯವಾದರೂ ಸತ್ಯ. ರಾಬರ್ಟ್ ವೈಟ್‌ಹೆಡ್ 1866ರಲ್ಲಿ ಮಾಡಿದ ಟಾರ್ಪಿಡೊ ನೀರಿನೊಳಗೆ ತಾನಾಗಿ ಓಡುತ್ತಿತ್ತು, ಆದರೆ ನೇರ ದಾರಿ ಹಿಡಿಯುವುದು ಅದಕ್ಕೆ ಕಷ್ಟ. 1890ರ ದಶಕದಲ್ಲಿ ಆಸ್ಟ್ರಿಯಾ-ಹಂಗೇರಿಯ ಲುಡ್ವಿಗ್ ಒಬ್ರಿ ಅದರೊಳಗೆ ಒಂದು ಸಣ್ಣ ಗೈರೊ ಕೂರಿಸಿದ. ಇಲ್ಲಿ ಒಂದು ಸೂಕ್ಷ್ಮವಿದೆ. ಆ ಪುಟ್ಟ ಚಕ್ರ ಟಾರ್ಪಿಡೊವನ್ನು ಹಿಡಿದು ತಿರುಗಿಸಲಿಲ್ಲ. ಅಷ್ಟು ಬಲ ಅದಕ್ಕೆಲ್ಲಿ? ದಾರಿ ತಪ್ಪಿದಾಗ ಅದು ಗಾಳಿಯ ಒಂದು ಕವಾಟವನ್ನು ತೆರೆಯುತ್ತಿತ್ತು ಅಷ್ಟೆ. ಒತ್ತಿಟ್ಟ ಗಾಳಿ ಚುಕ್ಕಾಣಿಯನ್ನು ತಿರುಗಿಸುತ್ತಿತ್ತು. ಚಕ್ರ ಹೇಳಿತು, ಚುಕ್ಕಾಣಿ ಮಾಡಿತು.

ದುಡಿಯುವ ಚಕ್ರ: ಹಡಗಿನ ಪಾಠ

ಇನ್ನು ದುಡಿಯುವ ಚಕ್ರದ ಸರದಿ. ಅಲೆಗೆ ಸಿಕ್ಕಿದ ಹಡಗು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಒಳಗೆ ಒಂದು ಭಾರಿ ಚಕ್ರ ತಿರುಗಿಸಿದರೆ ಹೊಯ್ದಾಟ ನಿಲ್ಲಬಹುದೇ? ಜರ್ಮನಿಯ ಹಡಗು ಎಂಜಿನಿಯರ್ ಒಟ್ಟೊ ಶ್ಲಿಕ್ ಇದನ್ನು 1906ರಲ್ಲಿ ಪರೀಕ್ಷಿಸಿದ. ಹಳೆಯ ಟಾರ್ಪಿಡೊ ದೋಣಿಯೊಂದು ಸಿಕ್ಕಿತು, ಅದರ ಹೆಸರು ಜೀಬೇರ್, ಅಂದರೆ ಕಡಲಕರಡಿ. ಅದರ ಹೊಟ್ಟೆಯಲ್ಲಿ ಸುಮಾರು 1 ಮೀಟರ್ ವ್ಯಾಸದ ಉಕ್ಕಿನ ಚಕ್ರ. ಚಕ್ರದ ಅಕ್ಷ ನೆಟ್ಟಗೆ, ನಮ್ಮ ಕುಂಬಾರನ ತಿಗರಿಯ ಹಾಗೆ. ಚಕ್ರವನ್ನು ಹೊತ್ತ ಚೌಕಟ್ಟು ಮಾತ್ರ ತೊಟ್ಟಿಲಿನ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುವಂತಿತ್ತು. ಆ ತೂಗುವಿಕೆ ಅತಿಯಾಗದಂತೆ ಒಂದು ಬ್ರೇಕ್.

ಪ್ರಯೋಗದ ಅತಿ ಮುಖ್ಯ ಭಾಗ ಈ ಚೌಕಟ್ಟೇ. ಚಕ್ರ ಪೂರ್ಣ ವೇಗದಲ್ಲಿ ತಿರುಗುತ್ತಿರುವಾಗಲೇ ಚೌಕಟ್ಟನ್ನು ಅಲುಗಾಡದಂತೆ ಕಟ್ಟಿಹಾಕಿದರೆ ದೋಣಿ ಎಂದಿನಂತೆಯೇ ಹೊಯ್ದಾಡುತ್ತಿತ್ತು. ಕಟ್ಟು ಬಿಚ್ಚಿ ಚೌಕಟ್ಟನ್ನು ತೂಗಲು ಬಿಟ್ಟ ಕೂಡಲೇ ಹೊಯ್ದಾಟ ಒಂದೆರಡು ಡಿಗ್ರಿಗೆ ಇಳಿಯುತ್ತಿತ್ತು. ಅದೇ ಚಕ್ರ, ಅದೇ ಭಾರ, ಅದೇ ವೇಗ. ವ್ಯತ್ಯಾಸ ಒಂದೇ, ಚಕ್ರಕ್ಕೆ ಅಡ್ಡ ಸರಿಯಲು ಜಾಗವಿತ್ತೋ ಇಲ್ಲವೋ.

ಇದನ್ನು ಬುಗುರಿಯ ನಿಯಮದಿಂದ ನೋಡೋಣ. ಅಲೆ ಹಡಗನ್ನು ಬಲಕ್ಕೆ ವಾಲಿಸುತ್ತದೆ. ಚಕ್ರ ಆ ಕಡೆಗೆ ಹೋಗದೆ ಅದಕ್ಕೆ ಲಂಬವಾಗಿ, ಅಂದರೆ ಮುಂದಕ್ಕೋ ಹಿಂದಕ್ಕೋ ಬಾಗುತ್ತದೆ. ಹಾಗೆ ಬಾಗುವ ಚಕ್ರವೇ ಹಡಗನ್ನು ಎಡಕ್ಕೆ ಒತ್ತುತ್ತದೆ. ಬಾಗಲು ಬಿಡದಿದ್ದರೆ ಆ ಒತ್ತುವಿಕೆ ಹುಟ್ಟುವುದೇ ಇಲ್ಲ. "ಭಾರದ ಚಕ್ರ ಕಟ್ಟಿದರೆ ಸಾಕಲ್ಲ?" ಎಂಬ ಮಕ್ಕಳ ಪ್ರಶ್ನೆಗೆ ಉತ್ತರ ಇಲ್ಲಿದೆ. ರೋಬೋಟಿನ ಮೈಗೆ ಬೋಲ್ಟ್ ಹಾಕಿ ಬಿಗಿದ ಚಕ್ರವೆಂದರೆ ಚೌಕಟ್ಟು ಕಟ್ಟಿಹಾಕಿದ ಕಡಲಕರಡಿ!

ಇದನ್ನು ಶಾಲೆಯಲ್ಲೇ ತೋರಿಸಬಹುದು. ಹಳೆಯ ಸೈಕಲ್ಲಿನ ಮುಂದಿನ ಗಾಲಿ ತನ್ನಿ. ಅಕ್ಷದ ಒಂದು ತುದಿಗೆ ಹಗ್ಗ ಕಟ್ಟಿ ಮೇಲಿನಿಂದ ತೂಗಿಬಿಡಿ. ಗಾಲಿಯನ್ನು ಜೋರಾಗಿ ತಿರುಗಿಸಿ, ಅಕ್ಷವನ್ನು ಮಟ್ಟವಾಗಿ ಹಿಡಿದು ಕೈಬಿಡಿ. ಗಾಲಿ ಕೆಳಗೆ ಜೋತುಬೀಳದೆ ಹಗ್ಗದ ಸುತ್ತ ನಿಧಾನವಾಗಿ ಸುತ್ತುತ್ತದೆ. ಈಗ ಆ ಸುತ್ತುವಿಕೆಗೆ ಒಂದು ಕೋಲನ್ನು ಅಡ್ಡ ಹಿಡಿಯಿರಿ. ಗಾಲಿ ಇನ್ನೂ ಜೋರಾಗಿಯೇ ತಿರುಗುತ್ತಿದ್ದರೂ ಒಮ್ಮೆಲೇ ಕೆಳಗೆ ಬೀಳುತ್ತದೆ. ತರಗತಿಯಲ್ಲಿ ಇದನ್ನು ತೋರಿಸಿದರೆ ಬೋರ್ಡಿನ ಮೇಲೆ ಬರೆದ ಹತ್ತು ಸೂತ್ರಗಳಿಗಿಂತ ಹೆಚ್ಚು ತಿಳಿಯುತ್ತದೆ. (ಕಡ್ಡಿಗಳ ನಡುವೆ ಬೆರಳು ಹೋಗದಂತೆ ಎಚ್ಚರವಿರಲಿ.)

ಕಾಶ್ಮೀರದ ಹಣ, ಒಂಟಿ ಹಳಿಯ ರೈಲು

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೂ ಧೈರ್ಯದ ಪ್ರಯೋಗವೊಂದು ನಡೆದಿತ್ತು. ಐರ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಲೂಯಿಸ್ ಬ್ರೆನ್ನನ್ ಒಂದೇ ಹಳಿಯ ಮೇಲೆ ಓಡುವ ರೈಲಿಗೆ 1903ರಲ್ಲಿ ಪೇಟೆಂಟ್ ಪಡೆದ. ಒಂದೇ ಹಳಿಯಾದರೆ ಖರ್ಚು ಕಡಿಮೆ, ಬೆಟ್ಟದ ಕಡಿದಾದ ತಿರುವುಗಳಲ್ಲೂ ಹಾಕಬಹುದು. ಈ ಆಸೆಯಿಂದಲೇ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸು ವಾಯವ್ಯ ಗಡಿಪ್ರಾಂತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಅವನಿಗೆ 6,000 ಪೌಂಡ್ ಮುಂಗಡ ಕೊಟ್ಟಿತು. 1908ರಲ್ಲಿ ಕಾಶ್ಮೀರದ ದರ್ಬಾರು ಮತ್ತೆ 5,000 ಪೌಂಡ್ ಕೊಟ್ಟಿತು. ಹಿಮಾಲಯದ ಬುಡದ ಒಂದು ಸಂಸ್ಥಾನದ ಹಣ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಬುಗುರಿಯಾಗಿ ತಿರುಗಿತು ಎನ್ನಬಹುದು.

1909ರ ನವೆಂಬರ್ 10ರಂದು ಕೆಂಟ್ ಪ್ರಾಂತ್ಯದ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ಸಾರ್ವಜನಿಕ ಪ್ರದರ್ಶನ. ಸುಮಾರು 12 ಮೀಟರ್ ಉದ್ದದ, 22 ಟನ್ ತೂಕದ ಗಾಡಿ ಒಂದೇ ಹಳಿಯ ಮೇಲೆ ನಿಂತಿತು, ಓಡಿತು. ಒಳಗೆ ತಲಾ 1 ಮೀಟರಿಗಿಂತ ಸ್ವಲ್ಪ ದೊಡ್ಡದಾದ ಎರಡು ಚಕ್ರಗಳು, ನಿಮಿಷಕ್ಕೆ 3,000 ಸುತ್ತಿನಂತೆ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಎರಡು ಯಾಕೆ? ಚಕ್ರ ಒಂದೇ ಇದ್ದರೆ ಗಾಡಿ ತಿರುವಿನಲ್ಲಿ ಹೊರಳಿದಾಗ ಆ ಹೊರಳುವಿಕೆಯೇ ಚಕ್ರವನ್ನು ತಳ್ಳಿದಂತಾಗಿ ಗಾಡಿಯನ್ನು ಓರೆ ಮಾಡುತ್ತದೆ. ವಿರುದ್ಧವಾಗಿ ತಿರುಗುವ ಜೋಡಿಯಲ್ಲಿ ಒಂದರ ತಂಟೆಯನ್ನು ಇನ್ನೊಂದು ಅಳಿಸಿಹಾಕುತ್ತದೆ. ರೋಬೋಟ್ ಕಟ್ಟುವವರಿಗೆ ಇಂದಿಗೂ ಉಪಯೋಗವಾಗುವ ಉಪಾಯವಿದು.

ಬ್ರೆನ್ನನ್ ಶ್ಲಿಕ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ. ಹಡಗು ಸುಮ್ಮನಿದ್ದರೂ ಬೀಳುವುದಿಲ್ಲ, ಅದಕ್ಕೆ ಬೇಕಾದದ್ದು ಹೊಯ್ದಾಟವನ್ನು ತಗ್ಗಿಸುವುದು ಮಾತ್ರ. ಒಂಟಿ ಹಳಿಯ ಗಾಡಿ ಹಾಗಲ್ಲ, ಬಿಟ್ಟರೆ ಬೀಳುತ್ತದೆ. ಚಕ್ರವನ್ನು ಅಡ್ಡ ಸರಿಯಲು ಬಿಟ್ಟರೆ ಸಾಲದು, ಸರಿಯುವ ಕಡೆಗೇ ಇನ್ನಷ್ಟು ನೂಕಬೇಕು. ಇದನ್ನು ಅವನು ಗಾಳಿಯ ಒತ್ತಡದಿಂದ ಮಾಡಿಸಿದ. ಪರಿಣಾಮ ತಮಾಷೆಯಾಗಿತ್ತು. ಜನರೆಲ್ಲ ಒಂದೇ ಬದಿಗೆ ಹೋಗಿ ನಿಂತರೆ ಆ ಬದಿ ಕೆಳಗಿಳಿಯುವ ಬದಲು ಮೇಲೇಳುತ್ತಿತ್ತು! 1910ರಲ್ಲಿ ಲಂಡನ್ನಿನ ಜಪಾನ್-ಬ್ರಿಟಿಷ್ ವಸ್ತುಪ್ರದರ್ಶನದಲ್ಲಿ ಈ ಗಾಡಿ ಒಮ್ಮೆಗೆ 50 ಜನರನ್ನು ಹೊತ್ತು ಸುತ್ತಿತು. ಹತ್ತಿದವರಲ್ಲಿ ವಿನ್‌ಸ್ಟನ್ ಚರ್ಚಿಲ್ ಕೂಡಾ ಒಬ್ಬರು.

ಆದರೂ ಅದು ಕಾಶ್ಮೀರಕ್ಕೆ ಬರಲಿಲ್ಲ, ಬೇರೆಲ್ಲಿಗೂ ಹೋಗಲಿಲ್ಲ. ಕಾರಣ ಹುಡುಕಲು ಕಷ್ಟವಿಲ್ಲ. ಎರಡು ಹಳಿಯ ಮೇಲೆ ನಿಂತ ಗಾಡಿಗೆ ನಿಲ್ಲುವುದಕ್ಕೆ ಇಂಧನ ಬೇಡ. ಒಂಟಿ ಹಳಿಯ ಗಾಡಿ ನಿಲ್ದಾಣದಲ್ಲಿ ನಿಂತಿರುವಾಗಲೂ ಚಕ್ರ ತಿರುಗುತ್ತಲೇ ಇರಬೇಕು. ಹತ್ತು ಡಬ್ಬಿಗಳಿದ್ದರೆ ಹತ್ತರಲ್ಲೂ ಚಕ್ರಗಳು ಬೇಕು. ಎಲ್ಲಾದರೂ ಕೆಟ್ಟು ನಿಂತರೆ? 1914ರಲ್ಲಿ ರಷ್ಯಾದ ಪ್ಯೋತ್ರ್ ಶಿಲೋವ್‌ಸ್ಕಿ ಲಂಡನ್ನಿನ ಬೀದಿಯಲ್ಲಿ ಎರಡು ಗಾಲಿಯ ಗೈರೊ ಕಾರನ್ನು ಓಡಿಸಿ ತೋರಿಸಿದಾಗಲೂ ಕಥೆ ಹೀಗೆಯೇ ಮುಗಿಯಿತು. ಯಂತ್ರ ಕೆಲಸ ಮಾಡಿತು, ಆದರೆ ಅದನ್ನು ಕೊಳ್ಳುವವರಿರಲಿಲ್ಲ. ಅಗಲವಾದ ಬುಡವಿದ್ದರೆ ಸಾಕಾಗುವ ಕಡೆ ಚಕ್ರ ಬೇಡ. ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಇದು ಎರಡನೆಯ ಪಾಠ.

ತಿಳಿಯುವುದೂ ದುಡಿಯುವುದೂ ಸೇರಿದಾಗ

ಅಮೆರಿಕದ ಎಲ್ಮರ್ ಸ್ಪೆರಿ ಎರಡು ಬಗೆಯ ಚಕ್ರಗಳನ್ನೂ ಒಂದೇ ಯಂತ್ರದಲ್ಲಿ ಜೊತೆಗೂಡಿಸಿದ. ಶ್ಲಿಕ್‌ನ ಚಕ್ರ ಹಡಗು ಸಾಕಷ್ಟು ವಾಲುವವರೆಗೆ ಕಾದು ಆಮೇಲೆ ಬಾಗುತ್ತಿತ್ತು. ಸ್ಪೆರಿ ದೊಡ್ಡ ಚಕ್ರದ ಪಕ್ಕದಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟ. ಹಡಗು ವಾಲತೊಡಗಿದ ಕ್ಷಣದಲ್ಲೇ ಪುಟ್ಟ ಚಕ್ರಕ್ಕೆ ತಿಳಿಯುತ್ತದೆ. ಅದು ಒಂದು ಮೋಟಾರಿಗೆ ಸಂಕೇತ ಕೊಡುತ್ತದೆ. ಮೋಟಾರು ದೊಡ್ಡ ಚಕ್ರದ ಚೌಕಟ್ಟನ್ನು ಕೂಡಲೇ ಬೇಕಾದ ಕಡೆಗೆ ಬಾಗಿಸುತ್ತದೆ. 1912ರ ಹೊತ್ತಿಗೆ ಅಮೆರಿಕದ ವರ್ಡನ್ ಎಂಬ ಯುದ್ಧನೌಕೆಯಲ್ಲಿ ಇದರ ಪರೀಕ್ಷೆ ನಡೆಯಿತು. ಇಂದು ಯಾವುದೇ ರೋಬೋಟನ್ನು ಬಿಚ್ಚಿ ನೋಡಿ, ಸೆನ್ಸರು, ನಿಯಂತ್ರಕ, ಮೋಟಾರು ಎಂಬ ಇದೇ ಮೂವರು ಅಲ್ಲಿರುತ್ತಾರೆ.

ಸ್ಪರ್ಧೆ ಎಂದ ಮೇಲೆ ಎಲ್ಮರ್‌ನ ಮಗ ಲಾರೆನ್ಸ್ ಸ್ಪೆರಿಯ ಹೆಸರನ್ನು ಮರೆಯುವಂತಿಲ್ಲ. 1914ರ ಜೂನ್ 18ರಂದು ಪ್ಯಾರಿಸ್ ಸಮೀಪ ಸೇನ್ ನದಿಯ ಮೇಲೆ ವಿಮಾನ ಸುರಕ್ಷತೆಯ ಸ್ಪರ್ಧೆಯೊಂದು ನಡೆಯಿತು. ಲಾರೆನ್ಸ್‌ಗೆ ಆಗ 21 ವರ್ಷ. ತೀರ್ಪುಗಾರರ ಮುಂದೆ ತಗ್ಗಿನಲ್ಲಿ ಹಾರಿಬಂದವನು ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದ. ಇನ್ನೊಂದು ಸುತ್ತಿನಲ್ಲಿ ಅವನ ಮೆಕ್ಯಾನಿಕ್ ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆದುಹೋದ. ಭಾರ ಒಂದು ಬದಿಗೆ ಸರಿದರೂ ವಿಮಾನ ಓರೆಯಾಗಲಿಲ್ಲ. ಒಳಗಿದ್ದ ಗೈರೊಗಳು ಓರೆಯನ್ನು ತಿಳಿದು ರೆಕ್ಕೆಯ ಪಟ್ಟಿಗಳನ್ನು ತಾವೇ ಸರಿಪಡಿಸುತ್ತಿದ್ದವು. 50,000 ಫ್ರಾಂಕುಗಳ ಬಹುಮಾನ ಅವನಿಗೆ ಬಂತು. ವಿಮಾನದಲ್ಲಿ ದುಡಿಯುವ ಚಕ್ರ ಇರಲೇ ಇಲ್ಲ ಎಂಬುದನ್ನು ಗಮನಿಸಿ. ದುಡಿಯಲು ಅಲ್ಲಿ ಗಾಳಿಯಿತ್ತು, ಚಕ್ರ ತಿಳಿಸಿದರೆ ಸಾಕಾಗುತ್ತಿತ್ತು.

ದುಡಿಯುವ ಚಕ್ರದ ದೈತ್ಯರೂಪ ಕಾಣಿಸಿದ್ದು 1932ರಲ್ಲಿ, ಇಟಲಿಯ ಕೊಂಟೆ ಡಿ ಸಾವೋಯಾ ಎಂಬ ಪ್ರಯಾಣಿಕ ಹಡಗಿನಲ್ಲಿ. ಸುಮಾರು 4 ಮೀಟರ್ ವ್ಯಾಸದ, ಒಂದೊಂದೂ 100 ಟನ್ನಿನಷ್ಟು ತೂಗುವ ಮೂರು ಚಕ್ರಗಳು. ಹಡಗಿನವರು ಇದನ್ನೇ ಜಾಹೀರಾತು ಮಾಡಿದರು. ಆದರೆ ಅಷ್ಟು ಭಾರ, ಅಷ್ಟು ಜಾಗ, ಅಷ್ಟು ಖರ್ಚು ಯಾರಿಗೆ ಬೇಕು? ಮುಂದೆ ದೊಡ್ಡ ಹಡಗುಗಳು ನೀರಿನೊಳಗೆ ಮೀನಿನ ರೆಕ್ಕೆಯಂತೆ ಚಾಚುವ ಫಲಕಗಳನ್ನು ನೆಚ್ಚಿಕೊಂಡವು. ಒತ್ತಲು ಹೊರಗೆ ನೀರು ಇರುವಾಗ ಒಳಗೆ ಚಕ್ರವನ್ನು ಹೊರುವುದು ನಷ್ಟ.

ಹಿಡಿಯಲು ಏನೂ ಇಲ್ಲದ ಕಡೆ

ಹಾಗಾದರೆ ಒತ್ತಲು ನೀರೂ ಇಲ್ಲದ, ಗಾಳಿಯೂ ಇಲ್ಲದ, ನೆಲವೂ ಇಲ್ಲದ ಕಡೆ? ಬಾಹ್ಯಾಕಾಶದಲ್ಲಿ ದುಡಿಯುವ ಚಕ್ರಕ್ಕೆ ಕೊನೆಗೂ ತನ್ನದೇ ಮನೆ ಸಿಕ್ಕಿತು.

ಇಲ್ಲಿ ಬುಗುರಿಯ ನಿಯಮಕ್ಕಿಂತ ಸರಳವಾದ ಇನ್ನೊಂದು ಉಪಾಯ ಬಂತು. ಕೈಯಲ್ಲಿ ಹಿಡಿದ ಡ್ರಿಲ್ಲಿಂಗ್ ಯಂತ್ರವನ್ನು ಚಾಲೂ ಮಾಡಿದಾಗ ಅದು ಕೈಯನ್ನು ಎದುರು ದಿಕ್ಕಿಗೆ ತಿರುಚುವುದನ್ನು ನೋಡಿದ್ದೀರಲ್ಲ? ನ್ಯೂಟನ್ನನ ಮೂರನೆಯ ನಿಯಮ. ಉಪಗ್ರಹದ ಒಳಗಿನ ಚಕ್ರದ ವೇಗವನ್ನು ಬಲಕ್ಕೆ ಹೆಚ್ಚಿಸಿದರೆ ಉಪಗ್ರಹ ಎಡಕ್ಕೆ ತಿರುಗುತ್ತದೆ. ವೇಗ ಕಡಿಮೆ ಮಾಡಿದರೆ ಬಲಕ್ಕೆ. ಚಕ್ರವನ್ನು ಬಾಗಿಸಬೇಕಾಗಿಲ್ಲ, ವೇಗ ಬದಲಿಸಿದರೆ ಸಾಕು. ಇದಕ್ಕೆ ರಿಯಾಕ್ಷನ್ ವೀಲ್, ಪ್ರತಿಕ್ರಿಯಾ ಚಕ್ರ ಎಂದು ಹೆಸರು. 1990ರಲ್ಲಿ ಮೇಲೇರಿದ ಹಬಲ್ ದೂರದರ್ಶಕದಲ್ಲಿ ಇಂಥ ನಾಲ್ಕು ಚಕ್ರಗಳಿವೆ, ಒಂದೊಂದೂ ಸುಮಾರು 45 ಕಿಲೊ. ಅವು ಅದನ್ನು ತಿರುಗಿಸುವ ವೇಗ ಗಡಿಯಾರದ ನಿಮಿಷದ ಮುಳ್ಳಿನಷ್ಟು. 90 ಡಿಗ್ರಿ ತಿರುಗಲು ಕಾಲು ಗಂಟೆ!

ನಮ್ಮ ದೇಶದ ಕಥೆಯೂ ಈ ದಾರಿಯಲ್ಲೇ ನಡೆದಿದೆ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. 360 ಕಿಲೊ ತೂಕದ ಅದು ತಾನೇ ಒಂದು ಬುಗುರಿ. ಇಡೀ ಉಪಗ್ರಹವೇ ಗಿರಗಿರನೆ ತಿರುಗಿ ತನ್ನ ದಿಕ್ಕನ್ನು ಕಾದುಕೊಳ್ಳುತ್ತಿತ್ತು. 1981ರ ಆಪಲ್ ಉಪಗ್ರಹ, ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರದಿಂದ ಪ್ರಸಿದ್ಧವಾದದ್ದು, ತಾನು ಹಾಗೆ ತಿರುಗದೆ ಹೊಟ್ಟೆಯೊಳಗಿನ ಚಕ್ರವನ್ನು ತಿರುಗಿಸಿ ಭೂಮಿಗೆ ಮುಖಮಾಡಿ ನಿಂತಿತು. 1988ರ ಐಆರ್‌ಎಸ್-1ಎ ಪ್ರತಿಕ್ರಿಯಾ ಚಕ್ರಗಳಿಂದ ಭೂಮಿಯ ಕಡೆಗೆ ಕ್ಯಾಮೆರಾ ಹಿಡಿಯಿತು. 2013ರಲ್ಲಿ ಹೊರಟ ಮಂಗಳಯಾನದಲ್ಲೂ ನಾಲ್ಕು ಚಕ್ರಗಳಿದ್ದವು.

ಗಡಿಯ ಈಚೆಗಿನ ನಮಗೆ ಇಲ್ಲೊಂದು ಸಂತೋಷದ ವಿಷಯವಿದೆ. ಇಸ್ರೊದ ಉಪಗ್ರಹಗಳಿಗೆ ಇಂಥ ಚಕ್ರಗಳನ್ನೂ ಗೈರೊಗಳನ್ನೂ ರೂಪಿಸುವ ಘಟಕ ಇರುವುದು ನಮ್ಮ ಕೇರಳದ ತಿರುವನಂತಪುರದ ವಟ್ಟಿಯೂರ್‌ಕಾವಿನಲ್ಲಿ. ಉಪಗ್ರಹವನ್ನು ಜೋಡಿಸುವುದು ಬೆಂಗಳೂರಿನಲ್ಲಿ. ಕೇರಳದ ಚಕ್ರ, ಕರ್ನಾಟಕದ ಮೈ. ಎರಡೂ ಕಡೆಯವರಾದ ಕಾಸರಗೋಡಿನ ಮಕ್ಕಳು ಇದನ್ನು ತಿಳಿದಿರಬೇಕು.

ಆದರೆ ಪ್ರತಿಕ್ರಿಯಾ ಚಕ್ರಕ್ಕೂ ಮಿತಿಯಿದೆ. ಬಿಸಿಲಿನ ಒತ್ತಡದಂಥ ಒಂದು ಸಣ್ಣ ಬಲ ಉಪಗ್ರಹವನ್ನು ಒಂದೇ ಕಡೆಗೆ ತಳ್ಳುತ್ತಾ ಇದ್ದರೆ ಚಕ್ರ ಅದನ್ನು ತಡೆಯಲು ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಬೇಕು. ಒಂದು ದಿನ ಗರಿಷ್ಠ ವೇಗ ಮುಟ್ಟುತ್ತದೆ. ಆಮೇಲೆ ಅದರಿಂದ ಸಹಾಯವಿಲ್ಲ. ಆಗ ಸಣ್ಣ ರಾಕೆಟ್ಟಿನಿಂದಲೋ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದೋ ಚಕ್ರದ ಹೊರೆಯನ್ನು ಇಳಿಸಬೇಕು. ಅಂದರೆ ಚಕ್ರ ಹೊರೆಯನ್ನು ಇಲ್ಲವಾಗಿಸುವುದಿಲ್ಲ, ಸ್ವಲ್ಪ ಕಾಲ ಹೊತ್ತುಕೊಳ್ಳುತ್ತದೆ ಅಷ್ಟೆ.

ಚಕ್ರ ಸವೆಯುತ್ತದೆ ಕೂಡಾ. ಬೇರೆ ಸೂರ್ಯರ ಸುತ್ತಲಿನ ಗ್ರಹಗಳನ್ನು ಹುಡುಕಲು 2009ರಲ್ಲಿ ಹೋದ ಕೆಪ್ಲರ್ ದೂರದರ್ಶಕದಲ್ಲಿ ನಾಲ್ಕು ಚಕ್ರಗಳಿದ್ದವು. 2012ರ ಜುಲೈಯಲ್ಲಿ ಒಂದು ಕೆಟ್ಟಿತು. 2013ರ ಮೇಯಲ್ಲಿ ಇನ್ನೊಂದು. ದಿಕ್ಕು ಹಿಡಿಯಲು ಕನಿಷ್ಠ ಮೂರು ಬೇಕು, ಉಳಿದದ್ದು ಎರಡು. ಎಲ್ಲ ಮುಗಿಯಿತು ಎಂದುಕೊಂಡಾಗ ಎಂಜಿನಿಯರುಗಳು ಒಂದು ದಾರಿ ಕಂಡರು. ಯಾವ ಬಿಸಿಲಿನ ಒತ್ತಡ ಇಷ್ಟು ಕಾಲ ಕಾಟ ಕೊಡುತ್ತಿತ್ತೋ ಅದನ್ನೇ ಆಸರೆ ಮಾಡಿಕೊಂಡರು. ಬಿಸಿಲು ಎರಡು ಬದಿಗೂ ಸಮನಾಗಿ ಬೀಳುವಂತೆ ದೂರದರ್ಶಕವನ್ನು ತಿರುಗಿಸಿಟ್ಟು, 2014ರಿಂದ 2018ರವರೆಗೆ ಮತ್ತೆ ಕೆಲಸ ಮಾಡಿಸಿದರು.

ಮತ್ತೆ ನೆಲಕ್ಕೆ: ರೋಬೋಟುಗಳು

ಬಾಹ್ಯಾಕಾಶದ ಈ ಉಪಾಯಗಳು ಸಣ್ಣ ಮೋಟಾರು, ಅಗ್ಗದ ಸೆನ್ಸರು ಬಂದ ಮೇಲೆ ಮೇಜಿನ ಮೇಲೆ ಇಳಿದವು. 1990ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗೈರೋವರ್ ಎಂಬ ಒಂಟಿ ಗಾಲಿಯ ರೋಬೋಟ್ ಹುಟ್ಟಿತು. ಗಾಲಿಯೇ ಅದರ ಮೈ, ಎಲ್ಲ ಯಂತ್ರಗಳೂ ಗಾಲಿಯ ಒಳಗೆ. ಅಲ್ಲಿದ್ದ ವೇಗದ ಚಕ್ರವನ್ನು ಬಾಗಿಸಿದರೆ ಇಡೀ ಗಾಲಿ ವಾಲುತ್ತಿತ್ತು, ವಾಲಿದ ಕಡೆಗೆ ತಿರುಗುತ್ತಿತ್ತು. ಇದು ಶ್ಲಿಕ್ ಮತ್ತು ಬ್ರೆನ್ನನ್ ಅವರ ವಂಶ.

ಜಪಾನಿನ ಮುರಾಟಾ ಕಂಪೆನಿ 2005ರಲ್ಲಿ ತೋರಿಸಿದ ಸೈಕಲ್ ಸವಾರ ಹುಡುಗನೂ 2008ರಲ್ಲಿ ತೋರಿಸಿದ ಒಂಟಿ ಗಾಲಿಯ ಹುಡುಗಿಯೂ ಇನ್ನೊಂದು ವಂಶದವರು. ಅರ್ಧ ಮೀಟರ್ ಎತ್ತರದ ಈ ರೋಬೋಟುಗಳ ಎದೆಯಲ್ಲಿ ಒಂದು ಚಕ್ರ. ಪಕ್ಕಕ್ಕೆ ವಾಲಿದರೆ ಚಕ್ರದ ವೇಗವನ್ನು ಬದಲಿಸಿ ಮೈಯನ್ನು ನೆಟ್ಟಗೆ ಮಾಡಿಕೊಳ್ಳುತ್ತವೆ. ಸ್ವಿಟ್ಸರ್ಲೆಂಡಿನ ಜೂರಿಕ್‌ನಲ್ಲಿ 2013ರ ಸುಮಾರಿಗೆ ಬಂದ ಕ್ಯೂಬ್ಲಿ ಕೂಡಾ ಹಾಗೆಯೇ. 15 ಸೆಂಟಿಮೀಟರಿನ ಪೆಟ್ಟಿಗೆ, ಒಳಗೆ ಮೂರು ಚಕ್ರಗಳು. ಮೊದಲು ಚಕ್ರವನ್ನು ಜೋರಾಗಿ ತಿರುಗಿಸಿ ಥಟ್ಟನೆ ಬ್ರೇಕ್ ಹಾಕುತ್ತದೆ. ಚಕ್ರದ ಸಂವೇಗ ಪೆಟ್ಟಿಗೆಗೆ ದಾಟಿ, ಪೆಟ್ಟಿಗೆ ನೆಗೆದು ಅಂಚಿನ ಮೇಲೆ ನಿಲ್ಲುತ್ತದೆ. ಆಮೇಲೆ ಮೂಲೆಯ ಮೇಲೆ.

ಕಾಳಗದ ರೋಬೋಟುಗಳಲ್ಲಿ ಇದೇ ನಿಯಮ ಬೇಡದ ಅತಿಥಿಯಾಗಿ ಬರುತ್ತದೆ. ಎದುರಾಳಿಯನ್ನು ಎತ್ತಿ ಎಸೆಯಲು ಮುಂದೆ ನೆಟ್ಟಗೆ ತಿರುಗುವ ಭಾರದ ತಟ್ಟೆಯನ್ನಿಡುತ್ತಾರೆ. ರೋಬೋಟ್ ಥಟ್ಟನೆ ಎಡಕ್ಕೋ ಬಲಕ್ಕೋ ತಿರುಗಿದರೆ ಒಂದು ಬದಿಯ ಗಾಲಿ ನೆಲಬಿಟ್ಟು ಏಳುತ್ತದೆ! ತಟ್ಟೆಯ ಅಕ್ಷವನ್ನು ಒಂದು ಕಡೆಗೆ ತಿರುಗಿಸಿದೆವು, ಅದು ಲಂಬವಾದ ಕಡೆಗೆ ಸರಿಯಹೊರಟಿತು. ತಟ್ಟೆ ಎಷ್ಟು ವೇಗವೋ, ತಿರುವು ಎಷ್ಟು ಚುರುಕೋ, ಅಷ್ಟು ಹೆಚ್ಚು ಏಳುತ್ತದೆ. ಈ ತೊಂದರೆಯನ್ನೇ ಕಾಲು ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಬ್ಯಾಟಲ್‌ಬಾಟ್ಸ್ ಸ್ಪರ್ಧೆಯಲ್ಲಿ 2016ರಲ್ಲಿ ರೆಕ್ಸ್ ಎಂಬ ರೋಬೋಟ್ ಗಾಲಿಯಿಲ್ಲದೆ, ತಟ್ಟೆಯ ಬಲದಿಂದಲೇ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಎತ್ತುತ್ತಾ ನಡೆಯಿತು.

ಕಟ್ಟುವ ಮೊದಲು ಕೇಳಬೇಕಾದವು

ಈ ಚರಿತ್ರೆಯಿಂದ ನಮ್ಮ ಮಕ್ಕಳು ತೆಗೆದುಕೊಳ್ಳಬೇಕಾದದ್ದು ಇಷ್ಟು.

1. ಚಕ್ರ ನಿಜವಾಗಿ ಬೇಕೇ? ಗಾಲಿಗಳ ನಡುವಿನ ಅಗಲ ಹೆಚ್ಚಿಸಿ, ಬ್ಯಾಟರಿಯನ್ನು ಕೆಳಗೆ ಕೂರಿಸಿದರೆ ಸಾಕಾಗುತ್ತದೆಯೇ? ಬ್ರೆನ್ನನ್ ರೈಲಿಗೆ ಏನಾಯಿತು ಎಂದು ನೆನಪಿರಲಿ.

2. ಬೇಕಾದರೆ, ಯಾವ ಬಗೆ? ಬಾಗುವ ಚಕ್ರವಾದರೆ ಚೌಕಟ್ಟಿಗೆ ಬಾಗಲು ಜಾಗವೂ ಬಾಗಿಸಲು ಸರ್ವೊ ಮೋಟಾರೂ ಬೇಕು. ವೇಗ ಬದಲಿಸುವ ಚಕ್ರವಾದರೆ ಎರಡೂ ದಿಕ್ಕಿಗೆ ಚುರುಕಾಗಿ ತಿರುಗುವ ಮೋಟಾರು ಬೇಕು. ಚಕ್ರದ ಭಾರ ನಡುವಿನಲ್ಲಿರದೆ ಅಂಚಿನಲ್ಲಿದ್ದರೆ ಕಡಿಮೆ ತೂಕದಲ್ಲಿ ಹೆಚ್ಚು ಕೆಲಸವಾಗುತ್ತದೆ.

3. ಓರೆಯನ್ನು ತಿಳಿಯುವವರು ಯಾರು? ಕಿಟ್ಟಿನಲ್ಲಿ ಸಿಗುವ ಗೈರೊ ಸೆನ್ಸರಿನಲ್ಲಿ ಈಗ ಚಕ್ರವೇ ಇಲ್ಲ, ಕಂಪಿಸುವ ಸೂಕ್ಷ್ಮ ಸಿಲಿಕಾನ್ ತುಣುಕುಗಳಿವೆ. ಮೊಬೈಲಿನಲ್ಲಿರುವುದೂ ಅದೇ. ತಿಳಿಯುವ ಚಕ್ರ ಮಾಯವಾಗಿ ಹೆಸರು ಮಾತ್ರ ಉಳಿದಿದೆ. ಆದರೆ ಅದರ ಕೆಲಸ ಹಾಗೆಯೇ ಇದೆ.

4. ಹೊರೆ ಇಳಿಸುವುದು ಹೇಗೆ? ರೋಬೋಟಿನ ಭಾರ ಒಂದು ಬದಿಗೆ ಸ್ವಲ್ಪ ಹೆಚ್ಚಿದ್ದರೂ ಚಕ್ರ ವೇಗ ಹೆಚ್ಚಿಸುತ್ತಾ ಹೋಗಿ ಮಿತಿ ಮುಟ್ಟುತ್ತದೆ, ರೋಬೋಟ್ ಬೀಳುತ್ತದೆ. ಚಕ್ರದ ವೇಗ ಏರುತ್ತಿದೆ ಎಂದು ಕಂಡರೆ ಮೈಯನ್ನು ಎದುರು ಕಡೆಗೆ ಕೂದಲೆಳೆಯಷ್ಟು ವಾಲಿಸಿ ನಿಲ್ಲಿಸುವಂತೆ ಪ್ರೋಗ್ರಾಮಿನಲ್ಲಿ ಬರೆಯಬೇಕು. ಉಪಗ್ರಹಕ್ಕೆ ರಾಕೆಟ್ ಬೇಕಾದ ಕಡೆ ನಮಗೆ ಗುರುತ್ವವೇ ಆ ಕೆಲಸ ಮಾಡಿಕೊಡುತ್ತದೆ.

5. ಚಕ್ರ ಕಳಚಿದರೆ? ವೇಗವಾಗಿ ತಿರುಗುವ ಲೋಹ ಅಪಾಯ. ಅದಕ್ಕೆ ಗಟ್ಟಿಯಾದ ಹೊದಿಕೆ ಇರಲೇಬೇಕು. ಇದರಲ್ಲಿ ರಾಜಿ ಬೇಡ.

ಸೆರ್ಸನ್ನನ ಕನ್ನಡಿಯಿಂದ ಕ್ಯೂಬ್ಲಿಯವರೆಗೆ 270 ವರ್ಷಗಳು ಕಳೆದಿವೆ. ಅಷ್ಟು ಕಾಲವೂ ಚಕ್ರ ಬದಲಾಗಲಿಲ್ಲ, ಅದು ಅಂದಿನ ಬುಗುರಿಯೇ. ಬದಲಾದದ್ದು ಅದನ್ನು ಬಳಸುವವರ ತಿಳಿವಳಿಕೆ. ಬಲ ಹಾಕಿ ಹಿಡಿದಿಟ್ಟುಕೊಳ್ಳುವುದಕ್ಕಿಂತ ಸರಿಯಾದ ಹೊತ್ತಿಗೆ ಸರಿಯಾದ ಕಡೆಗೆ ಬಾಗುವುದರಿಂದ ನಿಲ್ಲಬಹುದು ಎಂಬುದನ್ನು ಅವರು ಕಲಿತರು. ಈ ಬಾರಿಯ ಶಾಸ್ತ್ರಮೇಳಕ್ಕೆ ಹೊರಡುವ ಮಕ್ಕಳೇ, ಮೋಟಾರು ಕೊಳ್ಳುವ ಮೊದಲು ಹಳೆಯ ಸೈಕಲ್ ಗಾಲಿಯೊಂದನ್ನು ಹುಡುಕಿ, ಹಗ್ಗ ಕಟ್ಟಿ ತಿರುಗಿಸಿ ನೋಡಿ. ಆಮೇಲೆ ಕೋಲು ಅಡ್ಡ ಹಿಡಿಯಿರಿ. ಯಾಕೆ ಬಿತ್ತು ಎಂದು ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ ಬರೆದಿಡಿ. ನಿಮ್ಮ ರೋಬೋಟಿನ ಮೊದಲ ಪುಟ ಅದೇ ಆಗಲಿ.